ಬೀರಪ್ಪನ ಒರತೆ

ಉಗ್ರಪ್ಪ ಮೇಷ್ಟ್ರಿಗೆ ಹೆಸರಿನಲ್ಲಿದ್ದ ಉಗ್ರತನ ಸ್ವಭಾವದಲ್ಲಿ ಚೂರೂ ಇರಲಿಲ್ಲ. ಹಿರೇಗುಂಟನೂರಿನ ಶಾಲೆಯಲ್ಲಿ ಮಕ್ಕಳೇ ಅವರನ್ನು ಗದರಿಸುತ್ತಿದ್ದರು. ಅವರಿಗಿದ್ದ ಚಟವೆಂದರೆ ಹಕ್ಕಿ ನೋಡುವುದೊಂದೇ. ಬೇಸಿಗೆ ರಜೆ ಬಂತೆಂದರೆ ಹಳೇ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಜೋಗಿಮಟ್ಟಿ ಕಾಡಿನ ಕಡೆ ಹೊರಟುಬಿಡುತ್ತಿದ್ದರು. ದುರ್ಬೀನಿನ ಒಂದು ಕಣ್ಣು ಮಸುಕು. ಇನ್ನೊಂದರಲ್ಲಿ ಕಂಡದ್ದನ್ನು ಹತ್ತು ಜನಕ್ಕೆ ಹೇಳದಿದ್ದರೆ ಅವರಿಗೆ ಉಂಡನ್ನ ಅರಗುತ್ತಿರಲಿಲ್ಲ.

ಎಪ್ಪತ್ತೈದರ ಬೇಸಿಗೆಯಲ್ಲಿ ಕುರಿ ಕಾಯುವ ಬೀರಪ್ಪ ಅವರನ್ನು ಒಂದು ಒರತೆಗೆ ಕರೆದೊಯ್ದ. ಗುಡ್ಡದ ಬುಡದಲ್ಲಿ, ಎರಡು ಬಂಡೆಗಳ ನಡುವೆ, ಮೊರದಷ್ಟಗಲ ನೀರು. ಸುತ್ತಲಿನ ಹಳ್ಳಗಳೆಲ್ಲ ಒಣಗಿದ್ದರಿಂದ ಬೆಳಗಾದರೆ ಗೌಜಲಹಕ್ಕಿಗಳು ಹಿಂಡು ಹಿಂಡಾಗಿ ಅಲ್ಲಿಗೇ ಬರುತ್ತಿದ್ದವು.

“ಬ್ಯಾಸಿಗೆ ಒರತೆ ಎಲ್ಲೈತೆ ಅಂತ ನಾವು ಬೀಗ್ರಿಗೂ ಹೇಳಂಗಿಲ್ಲ ಮೇಷ್ಟ್ರೇ,” ಎಂದ ಬೀರಪ್ಪ. “ನಮ್ಮಪ್ಪ ನನಗೆ ತೋರ್ಸಿದ್ದೇ ನನ್ನ ಮದ್ವೆ ಆದ್ಮೇಲೆ. ನೀವು ಎಲ್ಲೂ ಬಾಯಿ ಬಿಡಬ್ಯಾಡ್ರಿ.”

ಮೇಷ್ಟ್ರು ಅವನ ಕಂಬಳಿ ಮುಟ್ಟಿ ಆಣೆ ಮಾಡಿದರು. ಆ ಆಣೆ ಎಂಟು ದಿನ ಬಾಳಿತು.

ಒಂಬತ್ತನೆಯ ದಿನ ಅವರು ಹೊಸದುರ್ಗಕ್ಕೆ ಹೋಗಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರಿಗೆ ಕೂತವರು ಕೊಬ್ಬರಿ ಮಂಡಿಯ ತಿಮ್ಮರಾಯಪ್ಪ. “ಈ ಬಿಸಿಲಿಗೆ ಹಕ್ಕಿ ಎಲ್ಲಿರ್ತಾವ್ರಿ?” ಎಂದು ಅವರು ಕೊರಳಿನ ದುರ್ಬೀನು ನೋಡಿ ಕೇಳಿದ್ದೇ ತಡ, ಮೇಷ್ಟ್ರು ಲೋಟ, ಬಟ್ಟಲುಗಳನ್ನು ಬಂಡೆ ಮಾಡಿ, ಕನ್ನಡಕದ ಡಬ್ಬಿಯನ್ನು ಹುಣಸೆಮರ ಮಾಡಿ, ಮೇಜಿನ ಮೇಲೆ ಇಡೀ ಗುಡ್ಡವನ್ನೇ ಕಟ್ಟಿ ತೋರಿಸಿದರು. “ಒಂದೇ ಬೆಳಗ್ಗೆ ನಲವತ್ತೆರಡು ಗೌಜಲು, ಸ್ವಾಮಿ!” ತಿಮ್ಮರಾಯಪ್ಪ ಕಣ್ಣರಳಿಸಿ ಇನ್ನೊಂದು ಕಾಫಿ ತರಿಸಿದರು. ಎಂಥ ಪಕ್ಷಿಪ್ರೇಮಿ ಎಂದು ಮೇಷ್ಟ್ರು ಹಿಗ್ಗಿಹೋದರು.

ಮುಂದಿನ ಭಾನುವಾರ ಬೆಳಗ್ಗೆ ಮೇಷ್ಟ್ರೂ ಬೀರಪ್ಪನೂ ಪೊದೆಯ ಹಿಂದೆ ಒಂದೇ ಕಂಬಳಿ ಹೊದ್ದು ಕೂತಿದ್ದರು. ತಾಯಿ ಗೌಜಲೊಂದು ಆರು ಮರಿಗಳನ್ನು ನೀರಿಗೆ ಕರೆತರುತ್ತಿತ್ತು. ಅಷ್ಟರಲ್ಲಿ ಢಂ ಎಂದಿತು. ಕುರಿಗಳು ದಿಕ್ಕಾಪಾಲಾದವು. ನೀರಿನಂಚಿನಲ್ಲಿ ಬೇರೆ ಎರಡು ದೊಡ್ಡ ಗೌಜಲುಗಳು ಸತ್ತು ಬಿದ್ದಿದ್ದವು. ತಾಯಿ, ಮರಿಗಳು ಬಂಡೆಯ ಸಂದಿಯಲ್ಲಿ ಮುದುಡಿಕೊಂಡಿದ್ದವು.

ಬಂದೂಕು ತರಕೂಡದೆಂಬ ಅರಣ್ಯ ಇಲಾಖೆಯ ಬೋರ್ಡಿನ ಪಕ್ಕದಲ್ಲೇ ಜೀಪು ನಿಲ್ಲಿಸಿ ತಿಮ್ಮರಾಯಪ್ಪ ಬಂದಿದ್ದರು. ಎದ್ದುನಿಂತ ಮೇಷ್ಟ್ರನ್ನು ಕಂಡು ಅವರ ಮುಖ ಅರಳಿತು.

“ಓಹೋ, ಮೇಷ್ಟ್ರು! ನೀವು ಹೇಳ್ದಂಗೇ ಐತೆ ನೋಡ್ರಿ. ಹುಣಸೆಮರ ದಾಟಿ ಎಡಕ್ಕೆ, ಎರಡು ಬಂಡೆ. ಒಂಚೂರೂ ತಪ್ಪಿಲ್ಲ!”

ಬೀರಪ್ಪ ಮೇಷ್ಟ್ರ ಹೆಗಲ ಮೇಲಿದ್ದ ತನ್ನ ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡ. ಎರಡು ಬೈದಿದ್ದರೂ ಮೇಷ್ಟ್ರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಿಮ್ಮರಾಯಪ್ಪ ಮತ್ತೆ ತೋಟಾ ತುಂಬಿ ಬಂಡೆಯ ಸಂದಿಗೆ ಗುರಿಯಿಟ್ಟರು. ಭೂಮಿ ಬಾಯಿ ಬಿಡುವಂತೆ ಕಾಣಲಿಲ್ಲ. ಮೇಷ್ಟ್ರು ಓಡಿಹೋಗಿ, ಇಸ್ತ್ರಿ ಮಾಡಿದ ಬಿಳಿ ಪಂಚೆಯ ಸಮೇತ ಒರತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ಏಳ್ರಿ ಮೇಷ್ಟ್ರೇ, ಅಡ್ಡ ಬರಬ್ಯಾಡ್ರಿ!”

“ಏಳಲ್ಲ. ಹೊಡಿಯೋದಾದ್ರೆ ನನ್ನನ್ನೇ ಹೊಡೀರಿ,” ಎಂದರು ಮೇಷ್ಟ್ರು. ದನಿ ಗಡಗಡ ನಡುಗಿತು, ಕೂತ ಜಾಗದಿಂದ ಮಾತ್ರ ಕದಲಲಿಲ್ಲ.

ಒಂದು ಗಂಟೆ ಹೀಗೇ ಕಳೆಯಿತು. ಬಿಸಿಲು ಏರಿದ ಮೇಲೆ ತಿಮ್ಮರಾಯಪ್ಪ, “ತಲೆಕೆಟ್ಟ ಮೇಷ್ಟ್ರು” ಎಂದು ಬೈಯುತ್ತಾ ಸತ್ತ ಹಕ್ಕಿಗಳನ್ನೆತ್ತಿಕೊಂಡು ಜೀಪು ಹತ್ತಿದರು. ಮೇಷ್ಟ್ರು ಗೆದ್ದವರಂತೆ ಇನ್ನೂ ಕೂತೇ ಇದ್ದರು.

“ಇನ್ನಾದ್ರೂ ಏಳ್ರಿ,” ಎಂದ ಬೀರಪ್ಪ. “ಈಗ ಹಕ್ಕಿಗೆ ನೀರು ಬಿಡದೆ ಕುಂತಿರೋರು ನೀವೇ.”

ಮೇಷ್ಟ್ರು ಕೆಸರು ಸುರಿಸಿಕೊಂಡು ಎದ್ದರು. ಅರಣ್ಯ ಇಲಾಖೆಗೆ ದೂರು ಕೊಡಲು ನೋಟ್‌ಬುಕ್ ತೆಗೆದು ತಿಮ್ಮರಾಯಪ್ಪನ ಹೆಸರು, ಜೀಪಿನ ನಂಬರು, ಸತ್ತ ಹಕ್ಕಿಗಳ ವಿಷಯ ಎಲ್ಲ ಬರೆದರು. ‘ಸ್ಥಳ’ ಎಂದು ಬರೆಯುತ್ತಲೇ ಪೆನ್ನು ನಿಂತಿತು. ಬೀರಪ್ಪನ ಮುಖ ನೋಡಿದರು.

“ಬರೀರಿ, ಬರೀರಿ. ಕೊಬ್ಬರಿ ಮಂಡಿಗೇ ಗೊತ್ತಾದ್ಮೇಲೆ ಫಾರೆಸ್ಟ್‌ನೋರಿಗೆ ಯಾಕೆ ಮುಚ್ಚಿಡ್ತೀರಿ?”

“ತಪ್ಪಾಯ್ತು ಬೀರಪ್ಪ. ಫಾರೆಸ್ಟ್‌ನವರು ಬಂದ್ರೆ ಇಲ್ಲಿ ಕುರಿ ಬಿಡಲ್ಲ. ನಿನ್ನ ಕುರಿಗಳಿಗೆ ಇನ್ನು ನೀರೆಲ್ಲಿ?”

ಬೀರಪ್ಪ ಕಂಬಳಿ ಕೊಡವಿ ಹೆಗಲಿಗೇರಿಸಿದ.

“ಇನ್ನೊಂದು ಒರತೆ ಐತೆ ಬಿಡ್ರಿ,” ಎಂದ. ಮೇಷ್ಟ್ರ ಕಣ್ಣು ಅರಳಿದ್ದು ಕಂಡು ಕೈ ಮುಗಿದ. “ಎಲ್ಲೈತೆ ಅಂತ ಮಾತ್ರ ಕೇಳಬ್ಯಾಡ್ರಿ.”