ವಾರೆ ರೆಕ್ಕೆಯದು, ಮುಕ್ಕೋನದ್ದು

ಧೂಳು ಎದ್ದಿದೆ, ಹೌದು ಧೂಳೇ, ಆದರೆ ಬಸ್ಸಿನದಲ್ಲ, ಬಸ್ಸಿನ ಧೂಳು ಬಾಲದ ಹಾಗೆ ಉದ್ದಕ್ಕೆ ಬರುತ್ತದೆ, ಇದು ಅಗಲಕ್ಕೆ ಹರಡುತ್ತಿದೆ, ಎಮ್ಮೆಗಳು, ಬರೀ ಎಮ್ಮೆಗಳು, ಎದ್ದು ನಿಂತವನು ಮತ್ತೆ ಕಟ್ಟೆಯ ಮೇಲೆ ಕೂತೆ — ಏ ಇಸಾಕ, ನೀ ಎದ್ದು ಕುಂತು ಮಾಡಿದ್ರ ಸಿಂದಗಿ ಬಸ್ಸು ಲಗೂ ಬರತೈತೇನಪಾ, ಎನ್ನುತ್ತಾನೆ ಸೋಡಾ ಅಂಗಡಿಯ ಚಂದಪ್ಪ, ಬಾಟಲಿಯ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಇಲ್ಲ ಕಾಕಾ, ಕಾಲು ಜೋಮು ಹಿಡದಿತ್ತು, ಎಂದೆ, ಸುಳ್ಳು, ಯಾಕೆ ಸುಳ್ಳು ಹೇಳಿದೆ, ಮುದ್ದೇಬಿಹಾಳದ ಬಜಾರಿಗೆಲ್ಲ ಗೊತ್ತಿದೆ, ನಿನ್ನೆ ಬೆಳಿಗ್ಗೆ ಜನ್ನತಬಿ ಖಾಲಾ ನನಗಾಗಿ ಹೆಣ್ಣು ಕೇಳಲು ಸಿಂದಗಿ ಹಾದಿಯಾಗಿ ಇಂಡಿಗೆ ಹೋದದ್ದು, ಅವ್ವನ ತಂಗಿ, ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು, ಕೈಯಲ್ಲಿ ನಾನೇ ಮಾಡಿಕೊಟ್ಟ ತಗಡಿನ ಡಬ್ಬಿ, ಡಬ್ಬಿಯ ತುಂಬ ಖಜೂರ, ಹೆಣ್ಣಿನ ಮನೆಯವರಿಗೆ ಒಪ್ಪಿಗೆಯಾದರೆ ಒಯ್ದ ಡಬ್ಬಿಯಲ್ಲೇ ಸಕ್ಕರೆ ತುಂಬಿ ಕಳಿಸುತ್ತಾರೆ, ಆಗದಿದ್ದರೆ ತೊಳೆದು ಒರೆಸಿ ಬರಿದು ಕಳಿಸುತ್ತಾರೆ, ಬಾಯಿಬಿಟ್ಟು ಇಲ್ಲ ಎಂದು ಯಾರೂ ಹೇಳುವುದಿಲ್ಲ, ನಮ್ಮ ಮನೆತನಗಳಲ್ಲಿ ಅಜ್ಜನ ಕಾಲದಿಂದ ಹೀಗೆ, ಅದಕ್ಕೇ ಆ ಡಬ್ಬಿಯ ಅಳತೆಯನ್ನು ಮೂರು ಸಲ ಬದಲಿಸಿದೆ, ದೊಡ್ಡದಾದರೆ ಆಸೆಬುರುಕ ಎಂದುಕೊಂಡಾರು, ಚಿಕ್ಕದಾದರೆ ಜಿಪುಣ ಎಂದಾರು, ಕಡೆಗೆ ಎರಡರ ನಡುವಿನದೊಂದು ಮಾಡಿದೆ, ಈಗ ಅನಿಸುತ್ತದೆ, ಮುಚ್ಚಳ ಸ್ವಲ್ಪ ಬಿಗಿಯಾಯಿತೇನೋ, ತೆರೆಯುವಾಗ ಆ ಹುಡುಗಿಯ, ನಜಮಾಳ ಉಗುರು ಮುರಿದರೆ — ಮುಚ್ಚಳ ಹೋಗಲಿ, ಡಬ್ಬಿಯ ಜೊತೆಗೆ ನಾನು ತಗಡಿನಲ್ಲಿ ಮಾಡಿದ ಆ ಎರಡು ವಿಮಾನಗಳನ್ನು ಕಳಿಸಬಾರದಿತ್ತು, ಇಲ್ಲ, ಕಳಿಸಲೇಬೇಕಿತ್ತು, ತಪ್ಪು ಬರೆದವನು ತಿದ್ದದೆ ಇರಲು ಆಗುತ್ತದೆಯೆ, ಆದರೆ ಅದಕ್ಕೆ ಇದೇ ಹೊತ್ತು ಬೇಕಿತ್ತೆ.

ಮಾಸ್ತರರ ಮಾತು ಕೇಳಿ ಶುರುವಾದದ್ದು ಅದು. ನನ್ನದು ತಗಡಿನ ಕೆಲಸ, ಹಗಲೆಲ್ಲ ಚಿಮಣಿ, ಲಾಳಿಕೆ, ಸೋರುವ ಕೊಡಕ್ಕೆ ತೇಪೆ, ಸಂಜೆ ಆರಕ್ಕೆ ಕೈಗೆ ಹತ್ತಿದ ಬೆಸುಗೆಯ ನವಸಾಗರವನ್ನು ಬೂದಿಯಿಂದ ತಿಕ್ಕಿ ತೊಳೆದು ಜಯತೀರ್ಥ ಮಾಸ್ತರರ ಸಂಜೆ ವರ್ಗಕ್ಕೆ ಓಡುವುದು, ಹಿಂದಿನ ಬೆಂಚು, ಪಕ್ಕದಲ್ಲಿ ಹಮಾಲಿ ಸೋಮನಿಂಗ ತೂಕಡಿಸುತ್ತ ನನ್ನ ಭುಜಕ್ಕೆ ಒರಗುತ್ತಾನೆ, ಬಾಗೇವಾಡಿಯೊಳಗ ನಾಲ್ಕು ತಾಲೂಕಿನ ಸಾಲಿಗಳ ವಿಜ್ಞಾನ ಪ್ರದರ್ಶನ ಅದ, ನಿನ್ನ ಕೈಯಾಗ ಕಸಬು ಅದ, ಸಂಜಿ ವರ್ಗದ ಹೆಸರು ಉಳಿಸೋ ಇಸಾಕ, ಎಂದರು ಮಾಸ್ತರರು, ಹಳೆಯ ಪತ್ರಿಕೆಯ ತುಣುಕೊಂದನ್ನು ಕೈಗಿಟ್ಟರು, ಮಡಿಕೆಯಲ್ಲಿ ಹರಿದಿತ್ತು, ರಷ್ಯದವರು ಪರೀಕ್ಷೆಗೆಂದು ಕಟ್ಟಿದ ಎರಡು ಜೆಟ್ ಕಾಳಗದ ವಿಮಾನಗಳು, ಐವತ್ತಾರನೆಯ ಇಸವಿಯಲ್ಲಿ ಮಾಸ್ಕೋದ ಬಳಿಯ ಮೈದಾನದ ಮೇಲೆ ಹಾರಿಸಿ ತೋರಿಸಿದವು, ಎರಡಕ್ಕೂ ಕೊಳವೆಯಂಥ ಮೈ, ಮುಂದೆ ದುಂಡು ಬಾಯಿ, ಬಾಯೊಳಗಿಂದ ಇಣುಕುವ ಒಂದು ಮೊನೆ, ಒಂದರ ರೆಕ್ಕೆಗಳು ಹಿಂದಕ್ಕೆ ವಾರೆಯಾಗಿ ಸರಿದಿವೆ, ಇನ್ನೊಂದಕ್ಕೆ ಎರಡು ಪಕ್ಕದಲ್ಲಿ ಎರಡು ಮುಕ್ಕೋನ, ಅಷ್ಟೇ, ಉಳಿದದ್ದು ನನ್ನ ಕಣ್ಣಿಗೆ ಒಂದೇ ಆಗಿ ಕಂಡಿತು, ನನ್ನ ಕಣ್ಣು ಸಾಲದು ಎಂದುಕೊಂಡೆ, ಎರಡನೆಯದರ ಮೈ ಬೇರೆ ಇರಬೇಕು, ಮಸಿಯಲ್ಲಿ ಮುಚ್ಚಿಹೋಗಿರಬೇಕು, ಆದರೆ ಗೊತ್ತಿಲ್ಲದ್ದನ್ನು ಹೇಗೆ ಕತ್ತರಿಸಲಿ, ಕಾಗದದ ಒಂದೇ ನಮೂನೆಯಿಂದ ಎರಡೂ ಮೈಗಳನ್ನು ಕತ್ತರಿಸಿದೆ, ಕದ್ದವನ ಹಾಗೆ, ಎಣ್ಣೆ ಡಬ್ಬಿಯ ತಗಡನ್ನು ಸುರುಳಿ ಸುತ್ತಿ, ಬಾಯನ್ನು ಲಾಳಿಕೆಯ ಬಾಯಿಯಂತೆ ತಿದ್ದಿ ತಿದ್ದಿ ದುಂಡಗೆ ಮಾಡಿದೆ, ನಡುವೆ ಮೊನೆ ಕೂರಿಸಿದೆ, ವಾರೆ ರೆಕ್ಕೆ ಮೈಗೆ ತಾಗುವ ಜಾಗ ಬೆರಳಷ್ಟೂ ಇಲ್ಲ, ಬೆಸುಗೆ ಹಾಕಿ ತುದಿ ಒತ್ತಿದರೆ ಲಟಕ್ ಎನ್ನುತ್ತದೆ, ಕೆಳಗೆ ಪಟ್ಟಿ ಕೊಟ್ಟೆ, ಮತ್ತೆ ಲಟಕ್, ಇನ್ನೊಂದು ಪಟ್ಟಿ, ಮುಕ್ಕೋನವೋ ಮೈಯುದ್ದಕ್ಕೂ ಆತುಕೊಂಡು ಕೂತಿತು, ಒಂದೇ ಕಾವಿಗೆ, ಒತ್ತಿದರೆ ಅಲುಗಲಿಲ್ಲ, ಅದರ ಮೇಲೆ ಪಾವು ಸೇರು ಅಕ್ಕಿ ಇಟ್ಟರೂ ತಡೆದೀತು ಎಂದುಕೊಂಡೆ, ಕೈಗೆ ಗೊತ್ತಾಗಿತ್ತು, ಆದರೂ ಪತ್ರಿಕೆಯ ಕಡೆಯ ಸಾಲು ನೋಡಿ, ವಾರೆ ರೆಕ್ಕೆಯದನ್ನೇ ರಷ್ಯದವರು ಆರಿಸಿದಂತಿದೆ ಎಂದು ಹೊರದೇಶದ ತಜ್ಞರ ಅಭಿಪ್ರಾಯ, ಎರಡು ಚೀಟಿ ಬರೆದೆ, ಚೆಂದಗೆ, ಬೋರು ಲೇಖನಿಯಿಂದ ಗೆರೆ ಎಳೆದು, ವಾರೆ ರೆಕ್ಕೆಯ ಮುಂದೆ ಆಯ್ಕೆಯಾದದ್ದು, ಮುಕ್ಕೋನದ ಮುಂದೆ ಕೈಬಿಟ್ಟದ್ದು, ಅಚ್ಚಾದ ಮಾತಿನ ಎದುರು ನನ್ನ ಕೈಯದೇನು.

ಬಸವನ ಬಾಗೇವಾಡಿಯ ಶಾಲೆಯ ಹಾಲಿನಲ್ಲಿ ಕಿಟಕಿಯ ಬಿಸಿಲು ನೇರ ನನ್ನ ಮೇಜಿನ ಮೇಲೆ ಬೀಳುತ್ತಿತ್ತು, ಎರಡೂ ಥಳಥಳ ಹೊಳೆಯುತ್ತಿದ್ದವು, ನಾನು ಹೊಳೆಯುತ್ತಿರಲಿಲ್ಲ, ಬೆವರುತ್ತಿದ್ದೆ, ಜರಿ ರುಮಾಲಿನ ಒಬ್ಬ ಯಜಮಾನರು ಬಂದರು, ಬಗ್ಗಿದರು, ಎರಡಕ್ಕೂ ಒಂದ ಮೈ ಐತಲ್ಲೋ ತಮ್ಮಾ, ಟೊಪ್ಪಿಗಿ ಬದಲ ಮಾಡಿ ಒಬ್ಬ ಮನಷಾನ್ನ ಇಬ್ಬರು ಅಂತೀಯೇನು, ಸುತ್ತಲಿದ್ದವರು ನಕ್ಕರು, ಸಿಕ್ಕಿಬಿದ್ದೆ ಎಂದು ಕಿವಿ ಬಿಸಿಯಾಯಿತು, ಮೇಜಿನ ಕೆಳಗೆ ಹೋಗಲೇ ಎಂದುಕೊಳ್ಳುವಾಗಲೇ ಸಾಲಾಗಿ ಹುಡುಗಿಯರು ಬಂದರು, ಹಿಂದೆ ಅವರ ಟೀಚರು, ಇಂಡಿಯ ಉರ್ದು ಕನ್ಯಾ ಶಾಲೆಯವರು ಎಂದು ಯಾರೋ ಅಂದರು, ಟೀಚರಿನ ತಲೆಯ ಮೇಲೆ ತಿಳಿನೀಲಿ ಸೆರಗು, ಬಗ್ಗಿ, ಯಾರೂ ನೋಡದ ಕಡೆ ನೋಡಿದಳು, ರೆಕ್ಕೆ ಬಿಟ್ಟು, ಚೀಟಿ ಬಿಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮುಕ್ಕೋನದ್ದರ ದುಂಡು ಬಾಯಿಗೆ ಇಟ್ಟಳು, ಒಳಗ ಖಾಲಿ ಐತೇನ್ರಿ, ಹೌದ್ರಿ, ಗಾಳಿ ಹೋಗಾಕ ಹಾದಿ ಬೇಕಲ್ರೀ, ಆಮೇಲೆ ಚೀಟಿ ಓದಿದಳು, ಮತ್ತ ಇದನ್ಯಾಕ ಕೈ ಬಿಟ್ರು, ನಮ್ಮಣ್ಣ ಚಂಡೀಗಡದಾಗ ವಿಮಾನದ ದಂಡಿನ್ಯಾಗ ಅದಾನ್ರಿ, ಪತ್ರದಾಗ ಆರಾಮ ಅದೇನಿ ಅಂತ ಬಿಟ್ರ ಏನೂ ಬರಿಯೂದಿಲ್ಲ, ಅದಕ್ಕ ನಿಮ್ಮನ್ನ ಕೇಳಾಕತ್ತೇನಿ, ಪೇಪರದಾಗ ಹಂಗ ಬರದಾರ್ರಿ, ಎಂದೆ, ಪೇಪರ ಬಿಡ್ರಿ, ನೀವು ಮಾಡುವಾಗ ಯಾವ ರೆಕ್ಕಿ ಗಟ್ಟಿ ಕುಂತಿತ್ರಿ — ಇಷ್ಟು ದಿನದಲ್ಲಿ ಯಾರೂ ನನ್ನ ಕೈಯನ್ನು ಏನೂ ಕೇಳಿರಲಿಲ್ಲ, ನಾನೇ ಕೇಳಿರಲಿಲ್ಲ, ಮುಕ್ಕೋನದ್ರಿ, ಎಂದೆ, ಹಂಗಾರ ಅಲ್ಲೇ ಐತಲ್ರೀ ಉತ್ತರ, ಹುಡುಗಿಯರು ಕಿಸಕ್ಕನೆ ನಕ್ಕರು, ಅವಳೂ, ಮುಂದಿನ ಮೇಜಿಗೆ ಹೋದಳು, ಅಲ್ಲಿ ಯಾರೋ ಮಾಡಿದ ಕಪ್ಪೆಯ ಹೊಟ್ಟೆಯ ಚಿತ್ರವಿತ್ತು, ಅದನ್ನೂ ಅಷ್ಟೇ ಹೊತ್ತು ನೋಡಿದಳು, ನನಗೆ ಆ ಕಪ್ಪೆಯ ಮೇಲೆ ಸಿಟ್ಟು ಬಂತು.

ಧೂಳು — ಇಲ್ಲ, ಎತ್ತಿನ ಬಂಡಿ. ಈದ್ ಆದ ವಾರ ವಾಚನಾಲಯದಲ್ಲಿ ಮಾಸ್ತರರು ಇಂಗ್ಲಿಷ್ ಮಾಸಿಕವೊಂದನ್ನು ತೆರೆದು, ಇಸಾಕ ಬಾರೋ ಇಲ್ಲೆ, ಎಂದರು, ರಷ್ಯದಿಂದ ನಮ್ಮ ದೇಶಕ್ಕೂ ಬಂದಿರುವ ಮಿಗ್ ಕಾಳಗದ ವಿಮಾನದ ಚಿತ್ರ, ಎರಡು ಪಕ್ಕದಲ್ಲಿ ಎರಡು ಮುಕ್ಕೋನ, ಅವರು ಒಂದೊಂದೇ ಸಾಲು ಬಿಡಿಸಿ ಹೇಳಿದರು, ಮೊದಲು ಎರಡನ್ನೂ ಹತ್ತಿರ ಹತ್ತಿರ ಒಂದೇ ಮೈ ಇಟ್ಟು ಕಟ್ಟಿದ್ದರಂತೆ, ರೆಕ್ಕೆ ಮಾತ್ರ ಬೇರೆ, ಯಾವ ರೆಕ್ಕೆ ಮೇಲು ಎಂದು ನೋಡುವುದಕ್ಕೇ ಹಾಗೆ, ಹೊರದೇಶದವರು ಕೆಲಕಾಲ ವಾರೆಯದೇ ಗೆದ್ದಿತೆಂದು ತಿಳಿದಿದ್ದರಂತೆ, ಗೆದ್ದದ್ದು ಮುಕ್ಕೋನ, ನಾನು ಕುಣಿಯಬೇಕೋ ತಲೆ ಬಗ್ಗಿಸಬೇಕೋ, ಕದ್ದು ಮಾಡಿದೆ ಎಂದುಕೊಂಡಿದ್ದ ಒಂದೇ ನಮೂನೆ ಸರಿಯಾಗಿತ್ತು, ಚೆಂದಗೆ ಬರೆದ ಎರಡೂ ಚೀಟಿ ತಪ್ಪಾಗಿದ್ದವು, ಮಾಸ್ತರರು ನನ್ನ ಬೆನ್ನು ತಟ್ಟಿದರು, ನಾನು ಆ ಕಣ್ಣನ್ನು ನೆನೆದೆ, ದುಂಡು ಬಾಯಿಗೆ ಇಟ್ಟ ಕಣ್ಣು. ಮನೆಗೆ ಬಂದು, ಖಾಲಾ, ಇಂಡಿಯೊಳಗ ಒಬ್ಬ ಟೀಚರು ಅದಾರ, ಎಂದೆ, ಅಷ್ಟು ಹೇಳಲು ಎರಡು ದಿನ ಹಿಡಿಯಿತು, ಖಾಲಾ ಎರಡು ಗಳಿಗೆಯಲ್ಲಿ ನಜಮಾ ಎಂಬ ಹೆಸರು, ಮನೆತನ, ಅಪ್ಪ ಕುತುಬುದ್ದೀನಸಾಬರ ಅರಿವೆ ಅಂಗಡಿ, ಎಲ್ಲ ಹುಡುಕಿ ತೆಗೆದಳು, ಹೊರಡುವ ದಿನ ನಾನು ಎರಡೂ ವಿಮಾನಗಳನ್ನು ಬಟ್ಟೆಯಲ್ಲಿ ಕಟ್ಟಿ, ಒಂದು ಕಾಗದ ಇಟ್ಟೆ, ಬಾಗೇವಾಡಿಯಲ್ಲಿ ನಾನು ಬರೆದ ಚೀಟಿ ತಪ್ಪು, ಆಯ್ಕೆಯಾದದ್ದು ಮುಕ್ಕೋನ ರೆಕ್ಕೆಯದು, ನೀವು ಹೇಳಿದ್ದೇ ಸರಿ, ಕ್ಷಮಿಸಬೇಕು, ಏನ ಬರದಿ ಓದಿ ಹೇಳು, ಎಂದಳು ಖಾಲಾ, ಓದಿದೆ, ಹಣೆ ಹಣೆ ಬಡಿದುಕೊಂಡಳು, ಹೆಣ್ಣು ಕೇಳಾಕ ಹೋಗುವಾಗ ಮಂದಿ ಅತ್ತರ ಕಳಸ್ತಾರ, ಬಳಿ ಕಳಸ್ತಾರ, ನೀ ನಿನ್ನ ತಪ್ಪು ಕಳಸಾಕತ್ತೀಯಲ್ಲೋ ಹುಚ್ಚಾ, ಆದರೂ ಒಯ್ದಳು, ಒಯ್ಯದೆ ಹಾದಿಯಲ್ಲಿ ಯಾರಿಗಾದರೂ ಕೊಟ್ಟುಬಿಟ್ಟಿದ್ದರೆ ಚೆನ್ನಾಗಿತ್ತೇನೋ, ಅವಳಪ್ಪ ಓದಿದರೆ, ಈಗಲೇ ತಪ್ಪು ಒಪ್ಪುವವನು ಮುಂದೇನು ಮಾಡಿಯಾನು ಎಂದರೆ.

ಬಂತು ಅಲ್ಲೇನ ನಿಮ್ಮ ಖಾಲಾನ ಬಸ್ಸು, ಎನ್ನುತ್ತಾನೆ ಚಂದಪ್ಪ, ಹೌದು, ಉದ್ದ ಬಾಲದ ಧೂಳು, ಬಸ್ಸು ನಿಲ್ಲುತ್ತದೆ, ಕೋಳಿ ಹಿಡಿದವ ಇಳಿಯುತ್ತಾನೆ, ಗಂಟು ಹೊತ್ತವಳು ಇಳಿಯುತ್ತಾಳೆ, ಖಾಲಾ ಇಳಿಯುತ್ತಾಳೆ, ಮುಖ ನೋಡಿದೆ, ಏನೂ ಬರೆದಿಲ್ಲ, ಬಾಯಿತುಂಬ ಎಲೆ, ಮೊದಲ ನೀರ ಕೊಡಸೋ, ಸಿಂದಗಿಯಿಂದ ಧೂಳಾ ತಿಂದ ತಿಂದ ಸಾಕಾತು, ಎನ್ನುತ್ತ ಡಬ್ಬಿಯನ್ನು ನನ್ನ ಕೈಗೆ ಕೊಡುತ್ತಾಳೆ, ಹಗುರ, ನಾನು ಮಾಡಿದ ಡಬ್ಬಿಯ ತೂಕ ನನಗೆ ಗೊತ್ತು, ಅಷ್ಟೇ ತೂಕ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಮುಚ್ಚಳ ತೆರೆದೆ, ತೊಳೆದಿದ್ದಾರೆ, ಒರೆಸಿದ್ದಾರೆ, ಮೂಲೆಯಲ್ಲಿ ಬೆಸುಗೆ ಚೆನ್ನಾಗಿ ಕೂತಿದೆ, ಅದನ್ನೇ ನೋಡುತ್ತ ನಿಂತೆ, ಬೆಸುಗೆ ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಚಂದಪ್ಪ ಸೋಡಾ ಒಡೆಯುವುದನ್ನು ನಿಲ್ಲಿಸಿದ್ದಾನೆ, ಆಯಿತು ಖಾಲಾ, ನಡಿ ಮನಿಗೆ, ಎಂದೆ, ತಡಿಯೋ, ಎನ್ನುತ್ತಾಳೆ ಖಾಲಾ, ನಿನ್ನ ಇಮಾನಾ ಒಂದ ತಿರುಗಿ ಕಳಿಸ್ಯಾಳ, ಒಂದ ಇಟಗೊಂಡಾಳ, ಬಟ್ಟೆಯ ಗಂಟು ಬಿಚ್ಚುತ್ತೇನೆ, ಮುಕ್ಕೋನದ್ದು, ಬಿಸಿಲಿಗೆ ಫಳಕ್ಕೆಂದಿತು, ದುಂಡು ಬಾಯಿಗೆ ತಿಳಿನೀಲಿ ಬಟ್ಟೆಯ ಚೂರು ತುರುಕಿದ್ದಾರೆ, ಎತ್ತಿದರೆ ಭಾರ, ಅಲುಗಿಸಿದರೆ ಒಳಗೆ ಝರ್ ಎಂದಿತು, ಅಯ್ಯೋ, ಒಳಗಿನ ಬೆಸುಗೆ ಬಿಟ್ಟಿದೆ, ಚೂರುಚೂರಾಗಿ ಉದುರಿದೆ, ಗಟ್ಟಿ ಕೂತಿದೆ ಎಂದು ಅವಳಿಗೆ ನಾನೇ ಹೇಳಿದ್ದೆ, ಮತ್ತೊಂದು ತಪ್ಪು, ಇನ್ನೊಂದು ಕಾಗದ ಬರೆಯಬೇಕು, ಖಾಲಾ ಎಲೆ ಉಗುಳಿ ಹೇಳುತ್ತಿದ್ದಾಳೆ, ಹುಡಿಗಿ ಅಂದ್ಳು, ವಾರಿ ರೆಕ್ಕಿದು, ತಪ್ಪು ಬರದಿದ್ರಲ್ಲ ಅದು ನನ್ನ ಹತ್ರ ಇರಲಿ, ಸರಿ ಇದ್ದದ್ದು ಅವರ ಹತ್ರ ಇರಲಿ ಅಂತ, ಅವರಪ್ಪ ಡಬ್ಬಿ ತುಂಬಾಕ ಬುಟ್ಟಿ ಹಿಡಕೊಂಡು ಬಂದ್ರ, ಡಬ್ಬಿ ಬ್ಯಾಡ ಅಬ್ಬಾ, ಇದರಾಗ ಹಾದಿ ಐತಿ ಅಂತ ನಗಾಕತ್ತಿದ್ಳು, ಕಾಲು ತಾಸು ಕುಂತು ಚಮಚಿಲೆ ಹಾಕ್ಯಾಳ, ಬಾಯಾಗ ಅದೇನೋ ಮೊನಿ ಇಟ್ಟೀಯಂತಲ್ಲ, ನಿನಗ ಬೈಕೋತ ಹಾಕ್ಯಾಳ — ಏನು ಹಾಕಿದಳು, ಯಾರಪ್ಪ, ಯಾವ ಹಾದಿ, ನೀಲಿ ಚೂರನ್ನು ಎಳೆದೆ, ಬರಲಿಲ್ಲ, ಹಲ್ಲಿನಿಂದ ಎಳೆದೆ, ಬಂತು, ಬಾಗಿಸಿದೆ, ಮೊನೆಯ ಸುತ್ತಲಿಂದ, ಉಂಗುರದಂತೆ, ಸಕ್ಕರೆ, ಅಂಗೈ ತುಂಬಿತು, ನಿಲ್ಲಿಸಬೇಕು, ನಿಲ್ಲಿಸುತ್ತಿಲ್ಲ, ಚಂದಪ್ಪ ಕೈ ಒಡ್ಡಿದ, ಅವನದೂ ತುಂಬಿತು, ಖಾಲಾ ನಗುತ್ತಿದ್ದಾಳೆ, ಯಾರೋ ಬಾಯಿಗೆ ಹಾಕ್ಕೊಳೋ ಎನ್ನುತ್ತಿದ್ದಾರೆ, ನಾನು ನೋಡುತ್ತಿದ್ದೇನೆ, ಒಂದು ಕಣ್ಣು ಮುಚ್ಚಿ, ದುಂಡು ಬಾಯಿ, ಇನ್ನೂ ಸಕ್ಕರೆ, ದುಂಡು ಬಾಯಿ, ಅದರ ಆಚೆಗೆ ಒಂದು ಕಣ್ಣು