ಹಗ್ಗದ ಆ ತುದಿ

"ಏಯ್, ತೆಗಿಯೋ ಆ ಹಳದಿ ಟೋಪಿ. ನಿಂಗೇ ಹೇಳ್ತಿರೋದು, ಕಿವಿಗೇನು ಸೀಸ ಹುಯ್ಕೊಂಡಿದೀಯ?"

ಟ್ಯಾಂಕಿನ ಅಡಿಯಲ್ಲಿ ಅಂಗಾತ ಮಲಗಿ ವೆಲ್ಡಿಂಗ್ ಮಾಡುತ್ತಿದ್ದ ಇರಣ್ಣ ತೆವಳಿಕೊಂಡು ಹೊರಗೆ ಬಂದ. ಎದ್ದು ನಿಲ್ಲುವಷ್ಟರಲ್ಲಿ ಯಾರ್ಡಿನ ಮ್ಯಾನೇಜರ್ ಚಂದ್ರಮೋಹನ ತಾನೇ ಅವನ ಹಳದಿ ಹೆಲ್ಮೆಟ್ ಕಿತ್ತು ನೆಲಕ್ಕೆಸೆದು, ಬಿಳಿಯದೊಂದನ್ನು ತಲೆಗೆ ಕುಕ್ಕಿದ.

"ಇವತ್ತಿಂದ ನೀನೇ ಲೀಡರ್. ಬೋಳಿಮಗನೆ, ಹಂಗೇನು ನೋಡ್ತೀಯ? ಥ್ಯಾಂಕ್ಸ್ ಹೇಳು."

"ದೊಡ್ಡಣ್ಣ ಅದಾನಲ್ರಿ ಸರ."

"ಇದ್ದ."

ದೊಡ್ಡಣ್ಣನನ್ನು ಅಂದು ಬೆಳಿಗ್ಗೆ ಸ್ನಾನದ ಟವೆಲಿನಲ್ಲೇ ವ್ಯಾನಿಗೆ ಹತ್ತಿಸಿದ್ದರು. ಡಲ್ಲಾಸಿಗೆ ಒಯ್ದು ಅಲ್ಲಿಂದ ಊರಿನ ವಿಮಾನ ಹತ್ತಿಸುತ್ತಾರೆಂದು ಗೇಟಿನ ಕಾವಲುಗಾರ ಹೇಳಿದ್ದ. ಗದಗ, ಕೊಪ್ಪಳದ ಕಡೆಯಿಂದ ಅಮೆರಿಕದ ಹ್ಯೂಸ್ಟನ್ನಿನ ಈ ಟ್ಯಾಂಕ್ ಯಾರ್ಡಿಗೆ ತಂದಿಳಿಸಿದ ವೆಲ್ಡರುಗಳಲ್ಲಿ ಇಂಗ್ಲಿಷ್ ಬರುತ್ತಿದ್ದವನು ಅವನೊಬ್ಬನೇ. ಎಲ್ಲರ ಪಾಸ್‌ಪೋರ್ಟುಗಳೂ ಆಫೀಸಿನ ಬೀರುವಿನಲ್ಲಿದ್ದವು. ಮಲಗುವ ಕ್ಯಾಂಪೂ ಯಾರ್ಡಿನ ಬೇಲಿಯೊಳಗೇ ಇತ್ತು. ಇರಾಕಿನಲ್ಲಿ ಯುದ್ಧ ಶುರುವಾದ ಮೇಲೆ ಗೇಟಿಗೊಂದು ದೊಡ್ಡ ಬಾವುಟ ಬಂತು, ಮರುಭೂಮಿಯ ಸೈನಿಕರಿಗೆ ನೀರೊಯ್ಯುವ ಟ್ಯಾಂಕುಗಳ ಆರ್ಡರು ಬಂತು, ಅವಸರ ಬಂತು. ಕೈಗಳು ಸಾಲದೆ ಬಂದಾಗ ಕಂಪನಿಯ ಕಣ್ಣು ಬಿದ್ದದ್ದು ಹಗ್ಗ ಹಿಡಿದು ಕೂರುವವರ ಮೇಲೆ.

ಟ್ಯಾಂಕಿನೊಳಗೆ ವೆಲ್ಡಿಂಗಿನ ಗ್ಯಾಸು ತಳ ಸೇರಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದ್ದು ಒಳಗಿರುವವನಿಗೇ ತಿಳಿಯುವುದಿಲ್ಲ. ಊರಲ್ಲಿ ಜೋಳ ತುಂಬಿಡುವ ನೆಲದಡಿಯ ಹಗೇವಿನದೂ ಇದೇ ಗುಣ. ಅದಕ್ಕೇ ಹಗೇವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಮೇಲಿದ್ದವನು ಹೆಸರು ಕೂಗುತ್ತಲೇ ಇರಬೇಕು, ಕೆಳಗಿದ್ದವನು 'ಓ' ಅನ್ನುತ್ತಲೇ ಇರಬೇಕು. ಓ ನಿಂತರೆ ಎಳೆಯಬೇಕು. ಈ ಪದ್ಧತಿಯನ್ನು ಯಾರ್ಡಿಗೆ ತಂದವನು ದೊಡ್ಡಣ್ಣ. ಹಗ್ಗವಿಲ್ಲದೆ ಯಾರನ್ನೂ ಇಳಿಸುವುದಿಲ್ಲ ಎಂದು ಆಫೀಸಿಗೇ ಹೋಗಿ ಹೇಳಿದವನೂ ಅವನೇ. ಮರುದಿನವೇ ವ್ಯಾನು ಬಂದಿತ್ತು.

ಊರಿನ ಗೌಡರ ಹಗೇವಿಗೆ ಇಳಿಯುತ್ತಿದ್ದವರು ಇರಣ್ಣನ ಕೇರಿಯವರು. ಅವನಪ್ಪ ಇಳಿದಿದ್ದಾಗ ಗೌಡ, ಹಗ್ಗ ಹಿಡಿದವನನ್ನು ಎತ್ತು ಕಟ್ಟಲು ಕರೆದಿದ್ದ. ಅಷ್ಟೆ.

ಬಿಳಿ ಟೋಪಿ ಅಳತೆಗೆ ದೊಡ್ಡದು. ತಲೆ ತಿರುಗಿಸಿದರೆ ಅದು ನಿಂತಲ್ಲೇ ನಿಲ್ಲುತ್ತಿತ್ತು.

"ಲೀಡರ್, ಅಲ್ಲಿ ಹಗ್ಗ ಹಿಡ್ಕೊಂಡು ದೇವ್ರ ಥರ ಕೂತಿದಾನಲ್ಲ, ಅವನನ್ನ ತಗಡು ಕಟಿಂಗಿಗೆ ಕಳ್ಸು."

"ಹೂಂರಿ ಸರ." ಯೋಚನೆಗಿಂತ ಮೊದಲು ಬಾಯಿ ಹೂಂ ಅಂದಿತ್ತು. ಹುಟ್ಟಿದಾಗಿನಿಂದ ಅಂದು ರೂಢಿಯಾದ ಹೂಂ ಅದು.

ಹಗ್ಗ ಹಿಡಿದಿದ್ದವನು ಏಳಲಿಲ್ಲ. "ಒಳಗ ಲಿಂಗರಾಜ ಅದಾನಲೇ, ತಲಿ ಕೆಟ್ಟೈತೇನ?"

"ನಾ ಹಿಡ್ಕೋತೀನಿ, ನೀ ನಡಿಯೋ ಮಾರಾಯಾ. ಸರ ಬೈತಾರ."

ಹಿಡಿದುಕೊಂಡ. ಎರಡು ಸಲ ಕೂಗಿದ, ಎರಡು ಸಲ ಓ ಬಂತು. ಅಷ್ಟರಲ್ಲಿ ಆಫೀಸಿನ ಬಾಗಿಲಿಂದ ಚಂದ್ರಮೋಹನ ಕೈ ಬೀಸಿದ. "ಬಾರೋ, ಬ್ಯಾಡ್ಜಿಗೆ ಫೋಟೊ ತೆಗೀಬೇಕು. ಫೋಟೊದವನು ಕಾಯ್ತಿದಾನೆ."

ಈಗಿಂದೀಗ ಹೋಗಿ ಬರೋದಲ್ಲವೇ ಅಂದುಕೊಂಡ ಇರಣ್ಣ. ಫೋಟೊದವನು ನಗು ಅಂದ, ನಕ್ಕ. ಟೋಪಿ ನೇರ ಮಾಡಿಕೋ ಅಂದ, ಮಾಡಿಕೊಂಡ. ಹಿಂದಿರುಗಿದಾಗ ಹಗ್ಗ ಬಿಟ್ಟ ಜಾಗದಲ್ಲೇ ಬಿದ್ದಿತ್ತು.

"ಲಿಂಗರಾಜಾ!"

ಓ ಬರಲಿಲ್ಲ.

ಎಳೆದು ಹಾಕಿದಾಗ ಲಿಂಗರಾಜನ ತುಟಿ ನೇರಳೆ ಹಣ್ಣು ತಿಂದವನ ತುಟಿಯಂತಿತ್ತು. ಎದೆ ಒತ್ತಿದರು, ಕಪಾಳಕ್ಕೆ ಹೊಡೆದರು. ಕೊನೆಗೆ ಅವನು ವಾಂತಿ ಮಾಡಿ ಕಣ್ಣು ಬಿಟ್ಟ. ಆಸ್ಪತ್ರೆ ಅಂದವನ ಬಾಯಿ ಮುಚ್ಚಿಸಿದ ಚಂದ್ರಮೋಹನ. "ಆಸ್ಪತ್ರೆಗೆ ಹೋದ್ರೆ ಇನ್‌ಸ್ಪೆಕ್ಷನ್ ಬರುತ್ತೆ, ಯಾರ್ಡ್ ಮುಚ್ಚುತ್ತೆ. ಉಸಿರಾಡ್ತಿದಾನಲ್ಲ? ಎರಡು ದಿನ ಮಲಗಿಸಿ."

ಲಿಂಗರಾಜ ಇರಣ್ಣನ ತಲೆಯ ಮೇಲಿನ ಬಿಳಿ ಟೋಪಿಯನ್ನು ನೋಡುತ್ತ ಬಿದ್ದುಕೊಂಡಿದ್ದ.

ಕ್ಯಾಂಪಿನಲ್ಲಿ ದೊಡ್ಡಣ್ಣ ಹಾಕಿದ ಕಟ್ಟಳೆಯಂತೆ ರೊಟ್ಟಿ ಒಂದೇ ಅಟ್ಟಿ. ಯಾವ ಓಣಿಯವನೇ ಆಗಲಿ, ಅದರಿಂದಲೇ ಎತ್ತಿಕೊಳ್ಳಬೇಕು. ಇರಣ್ಣ ಮೊದಮೊದಲು ಕೈ ಹಾಕಲು ಹಿಂಜರಿದಾಗ, "ಮುಟ್ಟಲೇ ಭಾಡ್ಯಾ, ರೊಟ್ಟಿ ಏನ ಚೀರತೈತೇನ?" ಎಂದು ದೊಡ್ಡಣ್ಣ ಅವನ ಕೈಯನ್ನೇ ಹಿಡಿದು ಅಟ್ಟಿಯ ಮೇಲಿಟ್ಟಿದ್ದ. ಆ ಸಂಜೆ ಇರಣ್ಣನ ಪಾಲು ಪೇಪರ್ ತಟ್ಟೆಯಲ್ಲಿ ಹೊರಗಿನ ಮೆಟ್ಟಿಲ ಮೇಲಿತ್ತು.

"ಉಣ್ರಿ, ಲೀಡರ ಸಾಹೇಬ್ರ," ಅಂದ ಒಬ್ಬ, ಒಳಗಿನಿಂದ.

ಊರಲ್ಲಿ ಎಷ್ಟು ದೂರ ಇಡುತ್ತಿದ್ದರೋ ಅಷ್ಟೇ ದೂರ. ಇದು ಟೋಪಿಯ ಸಲುವಾಗಿಯೋ ಕೇರಿಯ ಸಲುವಾಗಿಯೋ ಎಂದು ಕೇಳಬೇಕೆನಿಸಿತು. ಕೇಳುವ ಮುಖ ಇರಲಿಲ್ಲ.

ಬೆಳಿಗ್ಗೆ ಫೋನ್ ಕಾರ್ಡು ಉಜ್ಜಿ ಊರಿಗೆ ಹಚ್ಚಿದ. ಅವ್ವ ಹೊನ್ನಮ್ಮನಿಗೆ ಕ್ಯಾಂಪಿನ ಬೇರೆ ಯಾರದೋ ಫೋನಿನಿಂದ ಸುದ್ದಿ ಆಗಲೇ ಮುಟ್ಟಿತ್ತು.

"ಲೀಡರ ಆದೆಂತಲ್ಲೋ! ಓಣಿ ತುಂಬ ಸಕ್ಕರಿ ಹಂಚೀನಿ. ಗೌಡ್ರ ಮನಿ ಕಟ್ಟಿಗೂ ಹೋಗಿ ಹೇಳಿ ಬಂದೆ, ಏನಂತಿ."

"ಯಾಕ ಹೋದೆವ್ವಾ?"

"ಹೇಳಬಾರದೇನ? ಖರೇ ಹೇಳು, ಇನ್ನ ಒಳಗ ಇಳಿಯೂದು ತಪ್ಪಿತಲ್ಲ ನಿನಗ? ಮ್ಯಾಲ ನಿಂತೀಯಲ್ಲ?"

"ಹೂಂ ಯವ್ವಾ. ಮ್ಯಾಲ ನಿಂತೀನಿ."

ಅವಳು ಅತ್ತಳೋ ನಕ್ಕಳೋ. ಕಾರ್ಡು ಮುಗಿದು ಲೈನು ಕಟ್ಟಾಯಿತು.

ಭಾನುವಾರ ಚಂದ್ರಮೋಹನ ಅವನನ್ನು ಹ್ಯೂಸ್ಟನ್ನಿನಾಚೆಯ ಕೇಟಿ ಎಂಬ ಊರಿನ ತನ್ನ ಮನೆಗೆ ಕರೆದೊಯ್ದ. ಹೂವಿನ ಪಾತಿಗೆ ಗೊಬ್ಬರದ ಚೀಲ ಹೊರಬೇಕಿತ್ತು. ಅಂಗಳದ ಓಕ್ ಮರಕ್ಕೆ ಯುದ್ಧಕ್ಕೆ ಹೋದವರು ಮರಳಲೆಂದು ಕಟ್ಟುವ ಹಳದಿ ರಿಬ್ಬನ್, ಬಾಗಿಲಿಗೆ ಬಾವುಟ, ಹೊಸ್ತಿಲಿಗೆ ರಂಗೋಲಿ. ಮಧ್ಯಾಹ್ನ ಅವನ ಹೆಂಡತಿ ಶಕುಂತಲಾ ಗ್ಯಾರೇಜಿನೊಳಗೆ ತಟ್ಟೆ ತಂದಿಟ್ಟಳು. "ಅಲ್ಲೇ ಕೂತ್ಕೋಪ್ಪ, ಬೂಟು ಬಿಚ್ಚೋದು ಬೇಡ. ನೀರು ಗಾರ್ಡನ್ ಪೈಪಲ್ಲೇ ಬರುತ್ತೆ ನೋಡು, ಒಳ್ಳೇ ನೀರೇ."

ಮಗಳು ಸಿಯಾ ಬಾಗಿಲಿಗೆ ಬಂದು ನಿಂತಳು. "ಡ್ಯಾಡ್, ವೈ ಈಸ್ ಹೀ ಈಟಿಂಗ್ ಹಿಯರ್?"

"ಗೋ ಇನ್‌ಸೈಡ್, ಸಿಯಾ."

ಚಂದ್ರಮೋಹನ ಕಾರಿಗೊರಗಿ ನಿಂತು ಕಾಫಿ ಹೀರಿದ. "ನಾಳೆಯಿಂದ ಯಾವ ಟ್ಯಾಂಕಿಗೂ ಹಗ್ಗ ಇಲ್ಲ. ನೀನೇ ನಿಂತು ಇಳಿಸ್ಬೇಕು. ಯುದ್ಧದ ಟೈಮು, ಈಗ ಕೆಲಸ ನಿಲ್ಸೋನು ಇವರ ಲೆಕ್ಕದಲ್ಲಿ ಶತ್ರು. ನನ್ನ ತಲೇನೂ ಹೋಗುತ್ತೆ."

"ನಾ ಓದಿದಾಂವಲ್ರಿ. ಬ್ಯಾರೇದಾಂವನ್ನ ಮಾಡ್ರಿ ಸರ."

"ಅದಕ್ಕೇ ಕಣೋ ನಿನ್ನ ಆರಿಸಿದ್ದು." ಅವನು ನಕ್ಕ. "ನಿಮ್ಮವರಲ್ಲಿ ಯಾರಾದ್ರೂ ಇಂಥಾ ಕುರ್ಚಿ ನೋಡಿದಾರ? ದೊಡ್ಡಣ್ಣ ಕೂಗಿದ್ರೆ ಅಷ್ಟೂ ಜನ ಕೆಲಸ ಬಿಟ್ಟು ನಿಲ್ತಿದ್ರು. ನೀನು ಕೂಗು ನೋಡೋಣ, ಯಾವನು ನಿಲ್ತಾನೆ ಅಂತ."

ಇರಣ್ಣ ತಟ್ಟೆ ಬದಿಗಿಟ್ಟು ಪೈಪು ಎತ್ತಿಕೊಂಡ. ಪೈಪಿನ ನೀರು ಬಿಸಿಲಿಗೆ ಕಾದು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಕುಡಿದ.

ಸೋಮವಾರ ಎಲ್ಲರೂ ಟ್ಯಾಂಕುಗಳ ಮುಂದೆ ನಿಂತಿದ್ದರು, ಎದ್ದು ಬಂದ ಲಿಂಗರಾಜನೂ. ಇರಣ್ಣನ ಎಡಬಲ ಜಾಗ ಖಾಲಿ ಇತ್ತು.

"ಇಳಿಸು," ಅಂದ ಚಂದ್ರಮೋಹನ.

ಇರಣ್ಣ ಬಿಳಿ ಟೋಪಿ ತೆಗೆದು ನೆಲದ ಮೇಲೆ ಬೋರಲು ಇಟ್ಟ. ಮೂಲೆಗೆಸೆದಿದ್ದ ಹಗ್ಗ ತಂದು ತನ್ನ ಸೊಂಟಕ್ಕೆ ಬಿಗಿದ.

"ಏನೋ ಅದು ನಾಟಕ?"

"ಲೀಡರ ಮಾಡೀರೆಲ್ರಿ. ಆರ್ಡರ್ ಕೊಡಾಕತ್ತೀನಿ." ಮಂದಿಯ ಕಡೆ ತಿರುಗಿದ. "ಹಗ್ಗಾ ಹಿಡಿಯಾಂವ ಇಲ್ಲದ ಇನ್ನ ಯಾರೂ ಇಳಿಯಾಂಗಿಲ್ಲ. ಇವತ್ತ ನಾ ಇಳೀತೀನಿ. ಹಿಡೀರಿ, ಬಿಡ್ರಿ. ನಿಮಗ ಬಿಟ್ಟದ್ದು."

ಯಾರೂ ಅಲುಗಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಲಿಂಗರಾಜನ ಕಾಲ ಬಳಿ ಎಸೆದು, ಅವನ ಮುಖ ನೋಡದೆ, ಟ್ಯಾಂಕಿನ ಬಾಯೊಳಗೆ ಇಳಿದ.

ಒಳಗೆ ಕತ್ತಲು, ಕಬ್ಬಿಣದ ವಾಸನೆ. ಮುಖಕ್ಕೆ ಗಾಜು ಎಳೆದುಕೊಂಡು ವೆಲ್ಡಿಂಗ್ ಶುರುಮಾಡಿದ. ನೀಲಿ ಬೆಳಕಿನಲ್ಲಿ ಸೊಂಟದ ಹಗ್ಗ ಸಡಿಲವಾಗಿ ಹಾವಿನಂತೆ ಬಿದ್ದಿರುವುದು ಕಾಣುತ್ತಿತ್ತು. ತಗಡಿನ ಸಂದನ್ನು ಒಂದು ಮೊಳ ಕೂಡಿಸಿದ. ಇನ್ನೊಂದು ಮೊಳ. ಕಿವಿಯೊಳಗೆ ಗುಂಯ್ ಅನ್ನತೊಡಗಿತು. ಅಪ್ಪನಿಗೂ ಹೀಗೇ ಆಗಿತ್ತೇನೋ. ಇಲ್ಲಿ ಸತ್ತರೆ ಅವ್ವನಿಗೆ ಏನೆಂದು ಹೇಳುತ್ತಾರೆ, ಮೇಲೆ ನಿಂತಿದ್ದ ಅಂತಲೇ?

ಹಗ್ಗ ಜಗ್ಗಿತು.

"ಇರಣ್ಣಾ!" ಲಿಂಗರಾಜನ ಒಡಕು ದನಿ.

"ಓ!"

"ಸತ್ತೇನಲೇ, ಹಾದರಗಿತ್ತಿ ಮಗನ?"

"ಇಲ್ಲೋ!"

ಹೊರಗೆ ಚಂದ್ರಮೋಹನ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದ. ದೂರದ ಇನ್ನೊಂದು ಟ್ಯಾಂಕಿನ ಬಾಯಲ್ಲಿ ಯಾರೋ ಯಾರದೋ ಹೆಸರು ಕೂಗಿದರು. ಅದರಾಚೆ ಮತ್ತೊಬ್ಬರು. ಆಮೇಲೆ ಗೇಟು ಜರುಗಿದ ಸದ್ದು, ದೊಡ್ಡಣ್ಣನನ್ನು ಒಯ್ದ ವ್ಯಾನಿನ ಸದ್ದು, ಬೂಟುಗಳ ಸದ್ದು.

"ಇರಣ್ಣಾ!"

"ಓ!"

ಏನೋ ಟ್ಯಾಂಕಿನ ಮೈಗೆ ಬಡಿದು ಒಳಗೆಲ್ಲ ಗಂಟೆಯಂತೆ ಮೊಳಗಿತು. ಮೊಳಗು ಅಡಗಿದ ಮೇಲೆ ಹೊರಗೆ ಒಂದು ದನಿಯೂ ಇರಲಿಲ್ಲ. ಇರಣ್ಣ ವೆಲ್ಡಿಂಗ್ ನಿಲ್ಲಿಸಿ ಕತ್ತಲಲ್ಲಿ ಸೊಂಟ ಮುಟ್ಟಿ ನೋಡಿಕೊಂಡ. ಹಗ್ಗ ಮೇಲಿನಿಂದ ಎಳೆದು ಹಿಡಿದಂತೆ ಬಿಗಿಯಾಗಿಯೇ ಇತ್ತು. ಆ ತುದಿಯಲ್ಲಿ ಯಾರ ಕೈ ಇದೆಯೋ ಕಾಣುತ್ತಿರಲಿಲ್ಲ.

"ಓ!" ಅಂದ.

ಯಾರೂ ಕರೆದಿರಲಿಲ್ಲ.