ಹೊರೆ ಫ್ಯಾನು

ದಿವ್ಯಶ್ರೀ ಎಂಜಿನ್ನಿನ ಹಗ್ಗ ಎಳೆದು ಹಿಡಿ ತಿರುಗಿಸಿದ್ದೇ ತಡ, ದೋಣಿಯ ಮೂತಿ ಆಕಾಶ ನೋಡಿತು. ತುದಿಯಲ್ಲಿ ಕೆಂಡದ ಮಡಕೆ ಹಿಡಿದು ಕೂತಿದ್ದ ಚಿಕ್ಕಪ್ಪ ಬೀರೇಶ್ ಎರಡಡಿ ಮೇಲೆದ್ದ.

"ಏಯ್, ಅಣ್ಣನ ಜೊತೆ ನನ್ನೂ ಕಳಿಸ್ತೀಯೇನೇ?"

ಎಂಜಿನ್ ಏದುಸಿರು ಬಿಡುತ್ತಿತ್ತೇ ಹೊರತು ದೋಣಿ ಮುಂದೆ ಹೋಗುತ್ತಿರಲಿಲ್ಲ. ನಡುವೆ ಚಟ್ಟದ ಮೇಲೆ ಅಪ್ಪ ಗಿಡ್ಡಪ್ಪ ಮಲಗಿದ್ದ. ಹೆಣದ ಮುಂದೆ ಬೆಂಕಿ ಹಿಡಿದವನೊಬ್ಬನೇ ಇರಬೇಕೆಂಬುದು ಪದ್ಧತಿ. ಅದನ್ನು ನೀರಿನ ಮೇಲೂ ಬಿಡದ ಆರು ಜನ ನೆಂಟರು ಹಿಂದೆ ಎಂಜಿನ್ನಿಗೆ ಒತ್ತಿಕೊಂಡು ಕುರಿಮಂದೆಯಂತೆ ಕೂತಿದ್ದರು. ಆ ಕಡೆ ನೀರು ಅಂಚಿಗೆ ಒಂದೇ ಗೇಣಿತ್ತು.

"ವಾಪಸ್ ತಿರುಗಿಸು," ಅಂದ ಬೀರೇಶ್. "ಹೊತ್ತು ಮುಳುಗೋಕೆ ಒಂದು ಗಂಟೆ ಐತೆ. ಆಮೇಲೆ ಮಣ್ಣು ಮಾಡಂಗಿಲ್ಲ. ಈ ಕಡೆ ಊರ ಮಶಾಣದಲ್ಲೇ ಗುಂಡಿ ತೆಗೆಸಾನ."

ದಿವ್ಯಶ್ರೀ ತಲೆಯೆತ್ತಿ ದೂರಕ್ಕೆ ನೋಡಿದಳು. ಯಗಚಿ ಹಿನ್ನೀರಿನ ಆಚೆ ದಡದ ಹೊಲದಲ್ಲಿ ಅವ್ವನ ಸಮಾಧಿ ಇತ್ತು. ಅದರ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕೆಂದು ಅಪ್ಪ ಹತ್ತು ಸಲ ಹೇಳಿದ್ದ. ರಸ್ತೆಯಲ್ಲಿ ಸುತ್ತಿ ಬಳಸಿ ಹೋದರೆ ಎರಡು ಗಂಟೆ ಬೇಕು. ಅವ್ವ ಆ ಕಡೆ, ಅಪ್ಪ ಈ ಕಡೆ ಆದರೆ ತನಗೆ ಜನ್ಮದಲ್ಲಿ ನೆಮ್ಮದಿ ಇಲ್ಲ ಅನ್ನಿಸಿತು ಅವಳಿಗೆ.

*

ಗಿಡ್ಡಪ್ಪ ಹದಿನೈದು ವರ್ಷ ಈ ನೀರಲ್ಲಿ ದೋಣಿ ಓಡಿಸಿದವನು. ಹಗಲೆಲ್ಲ ಹುಲ್ಲು, ರಾಗಿ ಚೀಲ, ಜನ ಸಾಗಿಸುವನು. ಸಂಜೆ ಮಾತ್ರ ಫ್ಯಾನು ಬದಲಿಸಿ, ತನ್ನ ಖುಷಿಗೆಂದು ಒಬ್ಬನೇ ಒಂದು ಸುತ್ತು ಹೊಡೆಯುವನು. ಎಂಜಿನ್ನಿನ ಬುಡದಲ್ಲಿ, ನೀರೊಳಗೆ ತಿರುಗುವ ರೆಕ್ಕೆಗಳನ್ನು ಅವನು ಫ್ಯಾನು ಅಂತಲೇ ಕರೆಯುತ್ತಿದ್ದುದು. ಬದಲಿಸುವಾಗ ಮಗಳನ್ನು ಪಕ್ಕಕ್ಕೆ ಕರೆದು ತೋರಿಸುವನು.

"ನೋಡವ್ವ, ರೆಕ್ಕೆ ಜಾಸ್ತಿ ತಿರುಚಿರೋದು ಓಟಕ್ಕೆ. ಮಟ್ಟಸವಾಗಿರೋದು ಹೊರೆಗೆ. ಹೊರೆ ಹಾಕ್ಕಂಡು ಓಟದ ಫ್ಯಾನು ಕಟ್ಟಿದ್ರೆ, ಲಾರೀನ ಟಾಪ್ ಗೇರಲ್ಲಿ ದಿಬ್ಬ ಹತ್ತಿಸಿದಂಗೆ."

"ಈ ತೂತಿನ ಸಾಲಲ್ಲಿರೋ ಪಿನ್ನು ಯಾಕಪ್ಪ?"

"ಅದು ಎಂಜಿನ್ ಎಷ್ಟು ಬಗ್ಗಬೇಕು ಅನ್ನೋ ಲೆಕ್ಕ. ಒಂದು ತೂತು ದೋಣಿ ಕಡೀಕೆ ಹಾಕು, ಮೂತಿ ಇಳೀತದೆ. ಆಚೀಕೆ ಹಾಕು, ಏಳ್ತದೆ. ನಿಮ್ಮ ಬೇಲೂರು ಕಾಲೇಜಲ್ಲಿ ಇದ ಹೇಳ್ಕೊಡ್ತಾರಾ?"

ನಿನ್ನೆ ಸಂಜೆಯೂ ಆ ಸುತ್ತು ಹೊಡೆದು ಬಂದು, ಟೀ ಕುಡಿದು, ಗೋಡೆಗೊರಗಿ ಕೂತವನು ಮತ್ತೆ ಏಳಲಿಲ್ಲ.

*

ದೋಣಿಯನ್ನು ಹೊರಟ ದಡದ ಕೆಸರಿಗೇ ತಾಗಿಸಿ ದಿವ್ಯಶ್ರೀ ಎಂಜಿನ್ ಎತ್ತಿ ನೋಡಿದಳು. ನಿನ್ನೆಯ ಓಟದ ಫ್ಯಾನು ಹಾಗೇ ಇತ್ತು! ಅಳುವಿನ ಗಡಿಬಿಡಿಯಲ್ಲಿ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಮೊಣಕಾಲುದ್ದ ನೀರಿಗೆ ಧುಮುಕಿ, ನಟ್ಟು ಬಿಚ್ಚಿ, ಅಪ್ಪ ದೋಣಿಯ ಹಲಗೆಯಡಿ ಇಡುತ್ತಿದ್ದ ಹೊರೆ ಫ್ಯಾನು ಏರಿಸಿ ಬಿಗಿದಳು. ಪಿನ್ನನ್ನು ಒಂದು ತೂತು ದೋಣಿಯ ಕಡೆಗೆ ಹಾಕಿದಳು. ಬೆರಳು ತರಚಿದ್ದು ಗೊತ್ತೇ ಆಗಲಿಲ್ಲ.

"ಚಿಕ್ಕಪ್ಪ, ಈ ಭಾರ ಎಲ್ಲ ಮುಂದಕ್ಕೆ ಬರಬೇಕು."

"ಆಗಕಿಲ್ಲ ಕಣೇ. ಹೆಣ ದಾಟಿ ಯಾರೂ ಮುಂದೆ ಬರಂಗಿಲ್ಲ."

"ಯಾರೂ ದಾಟೋದು ಬ್ಯಾಡ. ಅಪ್ಪನ್ನೇ ಮುಂದಕ್ಕೆ ಸರಿಸಿ!"

ಸೋದರತ್ತೆ ಚಲುವಮ್ಮ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏನ್ ನೋಡ್ತಾ ಕೂತ್ರಿ? ಹಿಡೀರ್ರೋ ಚಟ್ಟವ!"

ಚಟ್ಟ ಮೂತಿಯ ಕಡೆ, ಬೀರೇಶನ ಮೊಣಕಾಲಿನವರೆಗೂ ಸರಿಯಿತು. ಅದರ ಹಿಂದೆ ನೆಂಟರು ಸಾಲಾಗಿ ನಡುವಿಗೆ ಬಂದರು. ದಿವ್ಯಶ್ರೀ ಹಗ್ಗ ಎಳೆದಳು. ಈ ಸಲ ಎಂಜಿನ್ನಿನ ದನಿಯೇ ಬೇರೆ. ಮೂತಿ ಒಮ್ಮೆ ಎದ್ದು, ತಟ್ಟನೆ ಇಳಿದು, ನೀರನ್ನು ಎರಡು ಕಡೆಗೂ ಸೀಳಿಕೊಂಡು ದೋಣಿ ಚಿಮ್ಮಿತು!

"ಹೋಗ್ಲಿ! ಹೋಗ್ಲಿ ಕಣೇ!" ಮಡಕೆಯನ್ನು ಎದೆಗವಚಿಕೊಂಡು ಬೀರೇಶನೇ ಕೂಗಿದ. ಬೆಳಗಿನಿಂದ ಗಂಟಲು ಕಟ್ಟುವಷ್ಟು ಅತ್ತಿದ್ದ ಚಲುವಮ್ಮ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ದಿವ್ಯಶ್ರೀಗೆ ಅಳುವೋ ನಗುವೋ ತಿಳಿಯದಷ್ಟು ಸಂತೋಷವಾಗಿತ್ತು.

ಆಚೆ ದಡ ಮುಟ್ಟಿದಾಗ ಸೂರ್ಯ ಇನ್ನೂ ತೆಂಗಿನ ಮರಗಳ ಮೇಲಿದ್ದ. ಗುಂಡಿ ತೆಗೆದು ಕಾದಿದ್ದವರು ಗುದ್ದಲಿ ಬಿಸಾಕಿ, ನೀರಿಗಿಳಿದು ದೋಣಿ ಎಳೆದರು.

ದಾರಿಯುದ್ದಕ್ಕೂ ಸಿಡಿದ ನೀರಿಗೆ ಗಿಡ್ಡಪ್ಪನ ಮುಖವೆಲ್ಲ ಒದ್ದೆಯಾಗಿತ್ತು. ಚಲುವಮ್ಮ ಸೆರಗು ಹಿಡಿದು ಬಗ್ಗಿದಳು.

"ಬುಡು ಅತ್ತೆ, ಒರೆಸಬ್ಯಾಡ," ಅಂದಳು ದಿವ್ಯಶ್ರೀ.

ಬಿಳಿ ಮೀಸೆಯ ತುದಿಯಲ್ಲಿ ನೀರಿನ ಹನಿಗಳು ನಿಂತಿದ್ದವು, ದಿನಾ ಸಂಜೆ ಅವನು ಸುತ್ತು ಮುಗಿಸಿ ಮನೆ ಬಾಗಿಲಿಗೆ ಬಂದಾಗ ಇರುತ್ತಿದ್ದಂತೆಯೇ.